ರಿಮೋಟ್ ಡಿಬಗ್ಗರ್ ಸೆಟಪ್: ಬಾಗಿಲು ಯಾರಿಗೆ ತೆರೀಬೇಕು, ಯಾರನ್ನ ನಿಲ್ಲಿಸಬೇಕು?

ಪುಣೆ, ಹೈದರಾಬಾದ್, ಚೆನ್ನೈ, ಎಲ್ಲೇ ಕೂತು ನೋಡ್ತಿದ್ದರೂ ಜಾವಾ ಕೆಲಸ ಮಾಡೋರಿಗೆ ಇವತ್ತಿನ ವಿಷಯ ಹೊಸದಲ್ಲ. ಲ್ಯಾಪ್‌ಟಾಪ್‌ನಲ್ಲಿ ಕೋಡ್ ಸರಿಯಾಗಿ ಓಡುತ್ತೆ, ಯುಎಟಿ ಸರ್ವರ್‌ಗೆ ಹಾಕಿದ್ರೆ ತಪ್ಪು ಉತ್ತರ ಬರುತ್ತೆ. ಆಗ ನಾವು ಏನು ಮಾಡ್ತೀವಿ? ಒಂದು ಲಾಗ್ ಸಾಲು ಸೇರಿಸ್ತೀವಿ, ಬಿಲ್ಡ್ ಮಾಡ್ತೀವಿ, ಡಿಪ್ಲಾಯ್ ಆಗೋವರೆಗೂ ಕಾಯ್ತೀವಿ. ಇನ್ನೊಂದು ಲಾಗ್ ಸಾಲು, ಇನ್ನೊಂದು ಬಿಲ್ಡ್. ರಾತ್ರಿ ಹತ್ತು ಗಂಟೆ ಆಗಿರುತ್ತೆ.

ರಿಮೋಟ್ ಡಿಬಗ್ಗರ್ ಇದ್ರೆ ಇದು ಹತ್ತು ನಿಮಿಷದ ಕೆಲಸ. ಆದ್ರೆ ಇಂಟರ್ನೆಟ್‌ನಿಂದ ಒಂದು ಸಾಲು ಕಾಪಿ ಮಾಡಿ ಅಂಟಿಸಿಬಿಟ್ರೆ ಸೆಟಪ್ ಮುಗೀತು ಅಂದ್ಕೊಳ್ಳೋದು ಸರಿಯಲ್ಲ. ಆ ಸಾಲಿನಲ್ಲಿ ಮತ್ತು ನಮ್ಮ ಐಡಿಇಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಕೊಡ್ತಿರ್ತೀವಿ: ಒಳಗೆ ಯಾರು ಬರಬಹುದು? ನಿಲ್ಲಿಸಿದಾಗ ಯಾರ್ಯಾರು ನಿಲ್ತಾರೆ? ನಾವು ನೋಡ್ತಿರೋ ಕೋಡ್, ಅಲ್ಲಿ ಓಡ್ತಿರೋ ಕೋಡ್ ಒಂದೇನಾ?

ಮೊದಲು ಆ ಸಾಲು. ಸ್ಕ್ರೀನ್ ಮೇಲೆ ಇದೆ, ಓದ್ತೀನಿ. ಏಜೆಂಟ್‌ಲಿಬ್, ಜೆಡಿಡಬ್ಲ್ಯೂಪಿ. ಆಮೇಲೆ ನಾಲ್ಕು ಸೆಟ್ಟಿಂಗ್: ಟ್ರಾನ್ಸ್‌ಪೋರ್ಟ್ ಅಂದ್ರೆ ಸಾಕೆಟ್, ಸರ್ವರ್ ಅಂದ್ರೆ ವೈ, ಸಸ್ಪೆಂಡ್ ಅಂದ್ರೆ ಎನ್, ಅಡ್ರೆಸ್ ಅಂದ್ರೆ 5005. ಜೆಡಿಡಬ್ಲ್ಯೂಪಿ ಅನ್ನೋದು ಜೆವಿಎಮ್ ಮತ್ತು ಡಿಬಗ್ಗರ್ ಮಾತಾಡೋ ಭಾಷೆ. ಸರ್ವರ್ ವೈ ಅಂದ್ರೆ ಜೆವಿಎಮ್ ಪೋರ್ಟ್ ತೆರೆದು ಕಾಯುತ್ತೆ, ನಿಮ್ಮ ಐಡಿಇ ಹೋಗಿ ಸೇರ್ಕೊಳ್ಳುತ್ತೆ. ಸಸ್ಪೆಂಡ್‌ಗೆ ವೈ ಕೊಟ್ರೆ ಡಿಬಗ್ಗರ್ ಬಂದು ಸೇರೋವರೆಗೂ ಅಪ್ಲಿಕೇಶನ್ ಶುರುವೇ ಆಗಲ್ಲ. ಸ್ಟಾರ್ಟ್‌ಅಪ್‌ನಲ್ಲೇ ದೋಷ ಇದ್ರೆ ಮಾತ್ರ ಅದು ಬೇಕು. ಉಳಿದ ಹೊತ್ತಲ್ಲಿ ಎನ್ ಇರಲಿ.

ಈಗ ಮೊದಲ ಪ್ರಶ್ನೆ. ಜಾವಾ 8ರವರೆಗೆ ಅಡ್ರೆಸ್‌ನಲ್ಲಿ ಬರೀ 5005 ಅಂತ ಬರೆದ್ರೆ ಆ ಪೋರ್ಟ್ ಎಲ್ಲರಿಗೂ ತೆರೆದುಕೊಳ್ತಿತ್ತು. 2017ರಲ್ಲಿ ಬಂದ ಜಾವಾ 9ರಿಂದ ಅದೇ ಸಾಲು ಲೋಕಲ್‌ಹೋಸ್ಟ್‌ಗೆ ಮಾತ್ರ ತೆರೆಯುತ್ತೆ. ಹಾಗಾಗಿ ಅಪ್‌ಗ್ರೇಡ್ ಆದ ದಿನ "ಡಿಬಗ್ಗರ್ ಕನೆಕ್ಟ್ ಆಗ್ತಿಲ್ಲ" ಅಂತ ಗಲಾಟೆ ಶುರುವಾಗುತ್ತೆ. ಹುಡುಕಿದ್ರೆ ಸಿಗೋ ಉತ್ತರ, 5005ರ ಹಿಂದೆ ಒಂದು ಸ್ಟಾರ್ ಮತ್ತು ಕೋಲನ್ ಹಾಕಿ. ಹಾಕ್ತೀವಿ, ಕನೆಕ್ಟ್ ಆಗುತ್ತೆ, ಖುಷಿ. ಆದ್ರೆ ಜಾವಾ 9 ಮುಚ್ಚಿದ ಬಾಗಿಲನ್ನ ಆ ಸ್ಟಾರ್ ಮತ್ತೆ ತೆರೀತು.

ಇದು ಯಾಕೆ ದೊಡ್ಡ ವಿಷಯ? ಜೆಡಿಡಬ್ಲ್ಯೂಪಿಯಲ್ಲಿ ಪಾಸ್‌ವರ್ಡ್ ಇಲ್ಲ, ಎನ್‌ಕ್ರಿಪ್ಶನ್ ಇಲ್ಲ. ಪೋರ್ಟ್ ತಲುಪಿದವರು ಯಾರೇ ಆಗ್ಲಿ, ಒಳಗೆ ಬರ್ತಾರೆ. ಡಿಬಗ್ ಮಾಡುವಾಗ ನೀವು ಇವ್ಯಾಲ್ಯುಯೇಟ್ ಡಬ್ಬಿಯಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತುತ್ತೀರಲ್ಲ, ಆ ಸಾಲು ಸರ್ವರ್‌ನಲ್ಲೇ ಓಡುತ್ತೆ. ನೀವು ಓಡಿಸಬಹುದಾದ್ರೆ ಬೇರೆಯವರೂ ಓಡಿಸಬಹುದು, ಅದೂ ಆ ಅಪ್ಲಿಕೇಶನ್‌ಗೆ ಇರೋ ಅಷ್ಟೂ ಅಧಿಕಾರದಲ್ಲಿ. ಡೇಟಾಬೇಸ್ ಪಾಸ್‌ವರ್ಡ್, ಟೋಕನ್, ಗ್ರಾಹಕರ ಮಾಹಿತಿ ಎಲ್ಲ ಅವರ ಕಣ್ಣೆದುರಿಗೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?

ಸ್ಟಾರ್ ಹಾಕೋ ಬದಲು ಟನಲ್ ಬಳಸಿ. ಎಸ್‌ಎಸ್‌ಎಚ್‌ನಲ್ಲಿ ಕ್ಯಾಪಿಟಲ್ ಎಲ್ ಆಪ್ಷನ್ ಇದೆ. ನಿಮ್ಮ ಲ್ಯಾಪ್‌ಟಾಪ್‌ನ 5005ನ್ನು ಸರ್ವರ್‌ನ ಲೋಕಲ್‌ಹೋಸ್ಟ್ 5005ಕ್ಕೆ ಜೋಡಿಸುತ್ತೆ. ಐಡಿಇಯಲ್ಲಿ ಹೋಸ್ಟ್ ಅಂತ ಲೋಕಲ್‌ಹೋಸ್ಟ್ ಕೊಟ್ರೆ ಸಾಕು. ಕುಬರ್ನೆಟಿಸ್ ಇದ್ರೆ ಕ್ಯೂಬ್‌ಸಿಟಿಎಲ್ ಪೋರ್ಟ್ ಫಾರ್ವರ್ಡ್ ಇದೇ ಕೆಲಸ ಮಾಡುತ್ತೆ, ಅಲ್ಲೂ ಸ್ಟಾರ್ ಬೇಡ. ಬರೀ ಡಾಕರ್‌ನಲ್ಲಿ ಓಡಿಸ್ತಿದ್ರೆ ಕಂಟೇನರ್ ಒಳಗೆ ಸ್ಟಾರ್ ಬೇಕಾಗುತ್ತೆ, ನಿಜ. ಆಗ ಪೋರ್ಟ್ ಪಬ್ಲಿಷ್ ಮಾಡುವಾಗ ಮುಂದೆ 127.0.0.1 ಅಂತ ಸೇರಿಸಿ. ಲಿನಕ್ಸ್ ಸರ್ವರ್‌ನಲ್ಲಿ ಎಸ್‌ಎಸ್ ಕಮಾಂಡ್ ಕೊಟ್ಟು ನೋಡಿದ್ರೆ ಗೊತ್ತಾಗುತ್ತೆ: 5005ರ ಹಿಂದೆ 127.0.0.1 ಇದ್ರೆ ಸರಿ, ಸ್ಟಾರ್ ಅಥವಾ 0.0.0.0 ಇದ್ರೆ ಬಾಗಿಲು ತೆರೆದಿದೆ.

ಎರಡನೇ ಪ್ರಶ್ನೆ, ಯಾರು ನಿಲ್ತಾರೆ? ನಾನಿದ್ದ ಒಂದು ಪ್ರಾಜೆಕ್ಟ್‌ನಲ್ಲಿ ರಿಲೀಸ್‌ಗೆ ಮುಂಚೆ ಟೆಸ್ಟಿಂಗ್ ಜೋರಾಗಿ ನಡೀತಿತ್ತು. ಇದ್ದಕ್ಕಿದ್ದಂತೆ ಇಡೀ ಯುಎಟಿ ನಿಂತುಹೋಯ್ತು. ನೆಟ್‌ವರ್ಕ್‌ನವರಿಗೆ ಫೋನ್, ಡಿಬಿಎಗೆ ಫೋನ್. ಕೊನೆಗೆ ನೋಡಿದ್ರೆ ಸೇರಿ ಎರಡು ವಾರ ಆಗಿದ್ದ ಒಬ್ಬ ಹುಡುಗ ಒಂದು ಬ್ರೇಕ್‌ಪಾಯಿಂಟ್ ಇಟ್ಟು ಊಟಕ್ಕೆ ಹೋಗಿದ್ದ. ಕಾಲ್‌ನಲ್ಲಿ ಎಲ್ಲರ ಮುಂದೆ ಅವನಿಗೆ ಬೈಗುಳ. ಊರು ಬಿಟ್ಟು ಬಂದು ಹೊಸ ಊರಲ್ಲಿ ಮೊದಲ ಕೆಲಸ, ಮುಖ ಸಪ್ಪಗಾಗಿತ್ತು. ಆದ್ರೆ ಆ ಸೆಟ್ಟಿಂಗ್ ಎಲ್ಲಿದೆ ಅಂತ ಅವನಿಗೆ ಹೇಳಿಕೊಟ್ಟವರು ಆ ಕಾಲ್‌ನಲ್ಲಿದ್ದವರಲ್ಲಿ ಒಬ್ಬರೂ ಇರಲಿಲ್ಲ.

ಇಂಟೆಲಿಜೆಯಲ್ಲಿ ಬ್ರೇಕ್‌ಪಾಯಿಂಟ್‌ನ ಕೆಂಪು ಚುಕ್ಕೆ ಮೇಲೆ ರೈಟ್ ಕ್ಲಿಕ್ ಮಾಡಿ. ಸಸ್ಪೆಂಡ್ ಅಂತ ಇರುತ್ತೆ, ಪಕ್ಕದಲ್ಲಿ ಆಲ್, ಥ್ರೆಡ್. ಡಿಫಾಲ್ಟ್ ಆಲ್. ಅಂದ್ರೆ ಒಬ್ಬ ವಿಐಪಿಗೋಸ್ಕರ ಊರಿನ ಎಲ್ಲ ಸಿಗ್ನಲ್ ಕೆಂಪು ಮಾಡಿದ ಹಾಗೆ. ಥ್ರೆಡ್ ಆರಿಸಿ ಮೇಕ್ ಡಿಫಾಲ್ಟ್ ಒತ್ತಿ, ಆ ಸಾಲಿಗೆ ಬಂದ ರಿಕ್ವೆಸ್ಟ್ ಮಾತ್ರ ನಿಲ್ಲುತ್ತೆ. ಎಕ್ಲಿಪ್ಸ್‌ನಲ್ಲಿ ಡಿಫಾಲ್ಟೇ ಥ್ರೆಡ್.

ಕುಬರ್ನೆಟಿಸ್‌ನಲ್ಲಿ "ಅರ್ಧ ನಿಮಿಷಕ್ಕೆ ಡಿಬಗ್ಗರ್ ಕಟ್ ಆಗುತ್ತೆ" ಅನ್ನೋ ದೂರಿಗೂ ಎಷ್ಟೋ ಸಲ ಇದೇ ಕಾರಣ. ಲೈವ್‌ನೆಸ್ ಪ್ರೋಬ್ ಡಿಫಾಲ್ಟ್ ಆಗಿ 10 ಸೆಕೆಂಡಿಗೊಮ್ಮೆ ಬದುಕಿದ್ದೀಯಾ ಅಂತ ಕೇಳುತ್ತೆ. ಎಲ್ಲ ಥ್ರೆಡ್ ನಿಂತಿದ್ರೆ ಉತ್ತರ ಕೊಡೋರು ಯಾರು? ಸತತ 3 ಸಲ ಉತ್ತರ ಬರದಿದ್ರೆ ಕಂಟೇನರ್ ರೀಸ್ಟಾರ್ಟ್.

ಥ್ರೆಡ್ ಆರಿಸಿದ್ರೂ ಒಂದು ಎಚ್ಚರ ಇರಲಿ. ಟ್ರಾನ್ಸಾಕ್ಷನ್ ಮಧ್ಯೆ ನಿಲ್ಲಿಸಿದ್ರೆ ಡೇಟಾಬೇಸ್ ಲಾಕ್ ಹಿಡ್ಕೊಂಡೇ ನಿಲ್ಲುತ್ತೆ, ಅದೇ ಸಾಲು ಬೇಕಾದವರೆಲ್ಲ ಕಾಯ್ತಾರೆ. ಅಂಥ ಕಡೆ ಸಸ್ಪೆಂಡ್ ಟಿಕ್ ತೆಗೆದು, ಇವ್ಯಾಲ್ಯುಯೇಟ್ ಅಂಡ್ ಲಾಗ್ ಹಾಕಿ. ಯಾರನ್ನೂ ನಿಲ್ಲಿಸದೆ ಬೇಕಾದ ವೇರಿಯಬಲ್‌ನ ಬೆಲೆ ನಿಮ್ಮ ಕನ್ಸೋಲ್‌ಗೆ ಬರುತ್ತೆ. ಮೊದಲು ಹೇಳಿದ ಲಾಗ್ ಸಾಲು ಇದೇ, ಬಿಲ್ಡ್ ಇಲ್ಲ, ಡಿಪ್ಲಾಯ್ ಇಲ್ಲ.

ಮೂರನೇ ಪ್ರಶ್ನೆ ಸಣ್ಣದು. ಬ್ರೇಕ್‌ಪಾಯಿಂಟ್ ಖಾಲಿ ಸಾಲಿನಲ್ಲಿ ನಿಂತ್ರೆ ಅಥವಾ ಕೋಡ್ ಎಲ್ಲೆಲ್ಲೋ ಹಾರಿದ್ರೆ, ಡಿಬಗ್ಗರ್ ಕೆಟ್ಟಿದೆ ಅಂತಲ್ಲ. ಸರ್ವರ್‌ನಲ್ಲಿರೋದು ಬೇರೆ ಕಮಿಟ್. ಯಾವ ಕಮಿಟ್‌ನಿಂದ ಬಿಲ್ಡ್ ಆಗಿದೆಯೋ ಅದನ್ನೇ ಚೆಕ್‌ಔಟ್ ಮಾಡಿ. ಸಾಲು ಸರಿ ಇದ್ದು ವೇರಿಯಬಲ್ ಹೆಸರು ಕಾಣದಿದ್ರೆ, ಜಾವಾ ಕಂಪೈಲರ್‌ಗೆ ಜಿ ಆಪ್ಷನ್ ಕೊಟ್ಟಿಲ್ಲ. ಮೇವನ್ ಅದನ್ನ ತಾನೇ ಕೊಡುತ್ತೆ, ಯಾರಾದ್ರೂ ಆಫ್ ಮಾಡಿದ್ದಾರಾ ನೋಡಿ.

ನಾಳೆ ಆಫೀಸಿಗೆ ಹೋದಾಗ ಒಂದು ಕೆಲಸ ಮಾಡಿ. ಸರಿಯಾದ ರಿಮೋಟ್ ಡಿಬಗ್ ಕಾನ್ಫಿಗರೇಶನ್ ಒಂದನ್ನ ಮಾಡಿ, ಸ್ಟೋರ್ ಆ್ಯಸ್ ಪ್ರಾಜೆಕ್ಟ್ ಫೈಲ್ ಟಿಕ್ ಮಾಡಿ ಗಿಟ್‌ಗೆ ಹಾಕಿ. ಟನಲ್ ಕಮಾಂಡ್, ಥ್ರೆಡ್ ಸೆಟ್ಟಿಂಗ್, ಕೆಲಸ ಮುಗಿದ ಮೇಲೆ ಡಿಸ್‌ಕನೆಕ್ಟ್ ಮಾಡಬೇಕು ಅನ್ನೋದು, ಮೂರನ್ನೂ ರೀಡ್‌ಮಿಯಲ್ಲಿ ಬರೀರಿ. ಪ್ರೊಡಕ್ಷನ್‌ನಲ್ಲಿ ಈ ಸಾಲು ಬೇಡವೇ ಬೇಡ ಅಂತಾನೂ ಸೇರಿಸಿ. ಹೊಸದಾಗಿ ಸೇರೋರಿಗೆ ಮೊದಲ ದಿನವೇ ಅದನ್ನ ತೋರಿಸಿ. ಐದು ನಿಮಿಷ ಸಾಕು.

ಪ್ರಶ್ನೆ ಇದ್ರೆ ಕೇಳಿ, ಗೊತ್ತಿರೋದನ್ನ ಹೇಳ್ತೀನಿ.