ಮದ್ದು ಹಾಕಿದ್ರೂ ಸಾಯದ ಹುಳ



ನಾವೂ ನಿಮ್ಮ ಹಾಗೆ ಕುರಿ ಸಾಕಿದವರು. ಊರು ಜಗಳೂರು ಸೀಮೆ. ಬೇಸಿಗೆ ಬಂದ್ರೆ ನಮ್ಮ ಕಡೆ ಮೇವು ಇರಲ್ಲ. ಗಂಡಸರು ಮಂದೆ ಹೊಡ್ಕೊಂಡು ಚನ್ನಗಿರಿ, ಹೊನ್ನಾಳಿ ಕಡೆ ಹೋಗ್ತಾರೆ. ಅಲ್ಲಿ ಭದ್ರಾ ನಾಲೆಯ ನೀರು. ಮರಿಗಳು, ಬಡಕಲು ಕುರಿಗಳು ಮನೆಯಲ್ಲೇ ಉಳೀತವೆ. ಅವುಗಳ ಚಾಕರಿ ನಮ್ಮದು.

ಒಂದು ವರ್ಷ ಆಶ್ಲೇಷಾ ಮಳೆ ಚೆನ್ನಾಗಿ ಬಂತು. ಹುಲ್ಲಿಗೆ ಬರ ಇರಲಿಲ್ಲ. ಆದರೂ ಮರಿಗಳು ಸೊರಗಿದವು. ಗದ್ದದ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತುಬಿತ್ತು. ಹುಳದ ಮದ್ದು ಕುಡಿಸಿದ್ವಿ. ಎರಡನೇ ಸಲವೂ ಕುಡಿಸಿದ್ವಿ. ಮೂರು ಮರಿ ಸತ್ತವು. ಮಗಳ ಶಾಲೆ ಖರ್ಚಿಗೆ ಅಂತ ಇಟ್ಟಿದ್ದ ಮರಿಗಳು ಅವು.

ಪಶು ಡಾಕ್ಟರು ಸತ್ತ ಮರಿಯ ಹೊಟ್ಟೆ ಕೊಯ್ದು ತೋರಿಸಿದರು. ಕುರಿಗೆ ಹೊಟ್ಟೆಯಲ್ಲಿ ನಾಲ್ಕು ಭಾಗ. ಕೊನೇ ಭಾಗದಲ್ಲಿ ಕೆಂಪು ಬಿಳಿ ದಾರ ಹೊಸೆದ ಹಾಗೆ ಹುಳಗಳು. ಒಂದೊಂದೂ ಸುಮಾರು ಒಂದು ಅಂಗುಲ ಉದ್ದ. ಹೀಮಾಂಕಸ್ ಅಂತ ಅದರ ಹೆಸರು. ರಕ್ತ ಕುಡಿಯುವ ಹುಳ. ಸಾವಿರ ಹುಳ ಇದ್ದರೆ ದಿನಕ್ಕೆ 50 ಮಿಲಿ ರಕ್ತ ಹೋಗುತ್ತೆ. ಒಂದು ಹೆಣ್ಣು ಹುಳ ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತೆ. ಮೊಟ್ಟೆ ಹಿಕ್ಕೆಯಲ್ಲಿ ಹೊರಗೆ ಬೀಳುತ್ತೆ. ಮಳೆಗಾಲದಲ್ಲಿ ಒಂದು ವಾರದೊಳಗೆ ಮರಿಹುಳ ಆಗಿ ಹುಲ್ಲು ಏರುತ್ತೆ. ಇಬ್ಬನಿ ಹುಲ್ಲಿನ ಜೊತೆ ಮತ್ತೆ ಕುರಿ ಹೊಟ್ಟೆಗೆ.

ಮದ್ದು ಯಾಕೆ ನಾಟಲಿಲ್ಲ? ತಪ್ಪು ನಮ್ಮದೂ ಇತ್ತು. ಇಪ್ಪತ್ತು ಕುರಿಯ ಮದ್ದನ್ನು ನಲವತ್ತಕ್ಕೆ ಹಂಚಿದ್ವಿ. ದುಡ್ಡು ಉಳೀತು ಅಂದ್ಕೊಂಡ್ವಿ. ಅರ್ಧ ಮದ್ದಿಗೆ ಬಡ ಹುಳ ಸತ್ತವು. ಗಟ್ಟಿ ಹುಳ ಉಳಿದವು. ಜರಡಿಯಲ್ಲಿ ಹಿಟ್ಟು ಇಳಿದು ಕಲ್ಲು ಉಳಿದಂಗೆ. ಆಮೇಲೆ ಹುಟ್ಟಿದ್ದೆಲ್ಲ ಆ ಗಟ್ಟಿ ಹುಳದ ಸಂತಾನ. ನಮ್ಮ ಮಂದೆ ಚನ್ನಗಿರಿ ಗದ್ದೆಯಲ್ಲಿ ತಂಗಿದ್ರೆ ಹಿಕ್ಕೆ ಅಲ್ಲೇ ಬೀಳುತ್ತೆ. ನಾಳೆ ಅಲ್ಲಿ ಹೊನ್ನಾಳಿಯ ಕುರಿ ಮೇಯುತ್ತೆ. ನ್ಯಾಮತಿಯಲ್ಲಿ ನಮಗಿಂತ ಮಳೆ ಜಾಸ್ತಿ. ಹುಳಕ್ಕೆ ಅದು ಸುಗ್ಗಿ.

ಇದು ನಮ್ಮ ಸೀಮೆಯ ಗೋಳು ಮಾತ್ರ ಅಲ್ಲ. ಮದ್ದಿಗೆ ಬಗ್ಗದ ಕುರಿ ಹುಳ 1957ರಲ್ಲೇ ಅಮೆರಿಕದಲ್ಲಿ ಕಂಡಿತ್ತು. ಈಗ ನಮ್ಮ ದೇಶದಲ್ಲೂ ಇದೆ.

ಇನ್ನೊಂದು ತಪ್ಪು ಕೇಳಿ. ನಾವು ಅಂಗಡಿಯಲ್ಲಿ "ಬೇರೆ ಮದ್ದು ಕೊಡಪ್ಪ" ಅಂದಿದ್ವಿ. ಸೀಸೆ ಬೇರೆ ಬಂತು, ಒಳಗಿನ ಮದ್ದು ಅದೇ. ಸೀಸೆ ಮೇಲೆ ದಪ್ಪ ಅಕ್ಷರದ ಹೆಸರು ಕಂಪನಿ ಇಟ್ಟಿದ್ದು. ಮದ್ದಿನ ಹೆಸರು ಸಣ್ಣ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ. ಡಾಕ್ಟರ ಹತ್ತಿರ ಕನ್ನಡದಲ್ಲಿ ಹೇಳಿಸಿಕೊಂಡು ನೀವೇ ಪುಸ್ತಕದಲ್ಲಿ ಬರ್ಕೊಳ್ಳಿ. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಎರಡೂ ಒಂದೇ ಬಳಗ, ಅಕ್ಕ ತಂಗಿ ಇದ್ದಂಗೆ. ಒಂದಕ್ಕೆ ಬಗ್ಗದ ಹುಳ ಸಾಮಾನ್ಯವಾಗಿ ಇನ್ನೊಂದಕ್ಕೂ ಬಗ್ಗಲ್ಲ. ಲೆವಮಿಸೋಲ್, ಐವರ್‌ಮೆಕ್ಟಿನ್ ಬೇರೆ ಬೇರೆ ಬಳಗ. ಯಾವುದು ಕೊಡಬೇಕು ಅಂತ ಡಾಕ್ಟರೇ ಹೇಳಬೇಕು. ಗಬ್ಬದ ಕುರಿ ಇದ್ದರೆ ಮೊದಲೇ ತಿಳಿಸಿ. ಕೆಲವು ಮದ್ದು ಎಳೆ ಗಬ್ಬಕ್ಕೆ ಆಗಲ್ಲ.

ಕುರಿಯನ್ನು ತೂಗಿ ಮದ್ದು ಹಾಕಿ. ಕಣ್ಣಂದಾಜು ಬೇಡ.

ಎಲ್ಲಾ ಕುರಿಗೂ ಒಟ್ಟಿಗೆ ಕುಡಿಸಬೇಕು ಅಂತಿಲ್ಲ. ಕೆಳಗಣ್ಣಿನ ರೆಪ್ಪೆ ಎಳೆದು ಒಳಗೆ ನೋಡಿ. ಕೆಂಪಗಿದ್ದರೆ ರಕ್ತ ಇದೆ. ಬಿಳಿಚಿದ್ದರೆ ರಕ್ತ ಇಳಿದಿದೆ, ಅಂಥ ಕುರಿಗೆ ಮೊದಲು ಮದ್ದು. ಹೀಗೆ ಬಣ್ಣ ಹೋಲಿಸಿ ನೋಡುವ ಕಾರ್ಡನ್ನು 1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದವರು ಮಾಡಿದರು. ಗಟ್ಟಿಮುಟ್ಟಾದ ಕುರಿಯನ್ನು ಬಿಟ್ಟರೆ ಅದರಲ್ಲಿ ಮದ್ದಿಗೆ ಸಾಯುವ ಹುಳವೂ ಉಳಿಯುತ್ತೆ. ಅವು ಗಟ್ಟಿ ಹುಳದ ಜೊತೆ ಬೆರೆತರೆ ಮದ್ದಿನ ಬಲ ಬೇಗ ಕೆಡಲ್ಲ. ಹುಳ ಉಳಿಸೋದಾ ಅಂತ ನಾವೂ ಮೊದಲು ನಕ್ಕಿದ್ವಿ.

ಮದ್ದು ನಾಟಿತೋ ಇಲ್ಲವೋ ತಿಳಿಯೋಕೆ ಹಿಕ್ಕೆ ಪರೀಕ್ಷೆ ಇದೆ. ಮದ್ದಿಗೆ ಮೊದಲು ಒಂದು ಸಲ, ಆದ ಮೇಲೆ 10ರಿಂದ 14 ದಿನಕ್ಕೆ ಇನ್ನೊಂದು ಸಲ. ನೆಲದ ಮೇಲಿನ ಒಣ ಹಿಕ್ಕೆ ಬೇಡ. ಕುರಿ ಆಗ ಹಾಕಿದ ಹಸಿ ಹಿಕ್ಕೆ ಕವರಿಗೆ ಹಾಕಿ, ಬಿಸಿಲು ತಾಗದಂತೆ ಅವತ್ತೇ ಪಶು ಆಸ್ಪತ್ರೆಗೆ ಮುಟ್ಟಿಸಿ. ಕವರಿನ ಮೇಲೆ ನಿಮ್ಮ ಹೆಸರು, ಊರು, ತಾರೀಕು ನೀವೇ ಬರೀರಿ.