ಮಾಸ್ಕೋ ನಗರದಲ್ಲಿ ಇಟಲಿಯ ಕಂಬಗಳು



ಇಟಲಿಯ ವಿಚೆಂತ್ಸ ನಗರದ ಚೌಕದಲ್ಲಿ ಪಲ್ಲಾಡಿಯೋ ಎಂಬ ಮಹಾಶಿಲ್ಪಿಯು 1571ರಲ್ಲಿ ಆರಂಭಿಸಿದ ಮಂಟಪವೊಂದುಂಟು. ಅದರ ಇಟ್ಟಿಗೆಯ ಸ್ತಂಭಗಳು ನೆಲದಿಂದೆದ್ದು ಉಪ್ಪರಿಗೆಯನ್ನೂ ದಾಟಿ ಒಂದೇ ಏರಿಕೆಯಲ್ಲಿ ನಿಲ್ಲುತ್ತವೆ. ಕೆಲಸವು ಮೂರು ಕಮಾನುಗಳಿಗೇ ನಿಂತಿತು. ಅದೇ ಸ್ತಂಭಗಳ ಪ್ರತಿರೂಪವು 1934ರಲ್ಲಿ, ಇನ್ನೂ ಬಹಳ ಎತ್ತರವಾಗಿ, ಮಾಸ್ಕೋವಿನ ಮೊಖೋವಾಯ ಬೀದಿಯಲ್ಲಿ ಕ್ರೆಮ್ಲಿನ್ ಕೋಟೆಯ ಸಮೀಪದಲ್ಲಿ ತಲೆಯೆತ್ತಿತು. ರಚಿಸಿದವನು ಇವಾನ್ ಝೊಲ್ತೋವ್‌ಸ್ಕಿ.

1867ರಲ್ಲಿ ಪಿನ್ಸ್ಕ್ ಊರಿನಲ್ಲಿ ಹುಟ್ಟಿದ ಈತನು ಪಲ್ಲಾಡಿಯೋವಿನ ನಾಲ್ಕು ಗ್ರಂಥಗಳನ್ನೂ ರಷ್ಯನ್ ಭಾಷೆಗೆ ಪರಿವರ್ತಿಸಿದವನು. ಜಾರ್ ದೊರೆಯ ಕಾಲದಲ್ಲಿಯೇ ತಾರಾಸೋವ್ ಎಂಬ ಧನಿಕನಿಗೆ ವಿಚೆಂತ್ಸದ ಅರಮನೆಯ ಮಾದರಿಯಲ್ಲಿ ಮನೆ ಕಟ್ಟಿಕೊಟ್ಟಿದ್ದನು. ಕ್ರಾಂತಿಯಾಯಿತು, ತರುಣ ಶಿಲ್ಪಿಗಳು ಗಾಜು, ಕಾಂಕ್ರೀಟುಗಳನ್ನು ಹಿಡಿದು ಅಲಂಕಾರವನ್ನೆಲ್ಲ ಹಳಿದರು. ಝೊಲ್ತೋವ್‌ಸ್ಕಿ ಬದಲಾಗಲಿಲ್ಲ. ಬದಲಾದದ್ದು ಪ್ರಭುತ್ವ. 1932ರಲ್ಲಿ ಸೋವಿಯೆತ್ ಭವನದ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆದ ಮೂವರಲ್ಲಿ ಈತನೊಬ್ಬನಾದನು. ಪ್ರಾಚೀನ ಶೈಲಿಗಳ ಉತ್ತಮಾಂಶವನ್ನು ಬಳಸತಕ್ಕದ್ದೆಂಬ ಆಜ್ಞೆಯೂ ಹೊರಟಿತು. ಅದೇ ವರ್ಷ ಶಿಲ್ಪಿಗಳ ಸ್ವತಂತ್ರ ಕೂಟಗಳೆಲ್ಲ ಅಳಿದು ಒಂದೇ ಸಂಘವುಳಿಯಿತು.

ಸ್ಟಾಲಿನನಿಗಾಗಿ ಈತನು ತನ್ನ ಕಲೆಯನ್ನು ಮಾರಿದನೆನ್ನುವುದು ನಮಗೆ ಸರಿದೋರದು. ಅರಸೊತ್ತಿಗೆಯಲ್ಲಿ ನಂಬಿದ್ದನ್ನೇ ಸರ್ವಾಧಿಕಾರದಲ್ಲಿಯೂ ನಂಬಿದನು. ಆದರೆ ಆತನ ನಂಬಿಕೆಯು ರಾಜಾಜ್ಞೆಯಾದಾಗ ಇತರರ ನಂಬಿಕೆಯು ಅಪರಾಧವಾಯಿತು. 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಖ್ಯಾತಿ ಗಳಿಸಿದ ಮೆಲ್ನಿಕೋವನಿಗೆ ಮುಂದೆ ಕಟ್ಟುವ ಅವಕಾಶವೇ ತಪ್ಪಿತು. ಕಂಬಗಳ ಸೊಬಗನ್ನು ನಾವು ಮೆಚ್ಚುವಾಗ ಈ ಸಂಗತಿ ಮನಸ್ಸನ್ನು ಚುಚ್ಚದಿರದು.

ಇನ್ನು, ಆ ಮನೆಯಲ್ಲಿ ವಾಸಿಸಿದವರಾರು? ವಸತಿಗೃಹವೆಂದು ಯೋಜಿತವಾದ ಅದು ಅಮೆರಿಕದ ರಾಯಭಾರಿ ಕಚೇರಿಯಾಗಿ 1953ರವರೆಗೆ ಉಳಿಯಿತು! ಮಾಸ್ಕೋವಿನ ಅಸಂಖ್ಯ ಸಂಸಾರಗಳಾದರೋ ಒಂದೊಂದು ಕೋಣೆಯಲ್ಲಿ ಕಾಲ ಕಳೆಯುತ್ತ, ನೆರೆಯವರೊಡನೆ ಒಂದೇ ಅಡಿಗೆಮನೆಯನ್ನು ಹಂಚಿಕೊಂಡಿದ್ದುವು.

1950ರಲ್ಲಿ ಸ್ಟಾಲಿನ್ ಪಾರಿತೋಷಕ ದೊರೆಯಿತು. ಐದೇ ವರ್ಷಗಳಲ್ಲಿ, ಕ್ರುಶ್ಚೇವನ ಆಡಳಿತದಲ್ಲಿ, ಕಟ್ಟಡಗಳ ಅನಾವಶ್ಯಕ ವೈಭವವನ್ನು ತೊಲಗಿಸಬೇಕೆಂಬ ನಿರ್ಣಯ ಹೊರಟು, ಕಂಬಗಳ ಕಾಲ ಮುಗಿಯಿತು. ಆಜ್ಞೆಯಿಂದ ಬಂದದ್ದು ಆಜ್ಞೆಯಿಂದಲೇ ಹೋಯಿತು. 1959ರಲ್ಲಿ ಝೊಲ್ತೋವ್‌ಸ್ಕಿ ತೀರಿಕೊಳ್ಳುವ ವೇಳೆಗೆ ಊರ ಹೊರವಲಯದಲ್ಲಿ ಐದಂತಸ್ತಿನ ಬೋಳು ಮನೆಗಳ ಸಾಲುಗಳೇಳುತ್ತಿದ್ದುವು. ನೋಡಲು ಅವುಗಳಲ್ಲಿ ಏನೂ ಇಲ್ಲ. ಸಾವಿರಾರು ಸಂಸಾರಗಳಿಗೆ ತಮ್ಮದೇ ಆದ ಅಡಿಗೆಮನೆ ಮೊದಲು ದೊರೆತದ್ದು ಅಲ್ಲಿ.