ಮನೆ ಬಿಡುವ ಮುನ್ನ



ಪಟ್ಟಣದಲ್ಲಿ ಬಾಡಿಗೆಯ ಮನೆಯನ್ನು ಬದಲಿಸುವ ನಾವು ಹರಕುಮುರುಕುಗಳನ್ನು ಹಳೆಯ ಸಾಮಾನಿನವನಿಗೆ ಕೊಟ್ಟು ನಿಶ್ಚಿಂತರಾಗುತ್ತೇವೆ. ಬಿಡದಿಯ ಬಳಿಯ ಬೈರಮಂಗಲದ ಒಕ್ಕಲ ಮನೆಗೆ ಅದು ಅಷ್ಟು ಸುಲಭವಲ್ಲ. ಉಪನಗರ ಯೋಜನೆಗಾಗಿ 2025ರಲ್ಲಿ ಆ ಸೀಮೆಯ ಭೂಸ್ವಾಧೀನಕ್ಕೆ ಪ್ರಾಥಮಿಕ ಅಧಿಸೂಚನೆ ಹೊರಟಿತು, ರೈತರು ಪ್ರತಿಭಟಿಸಿದರು. ಏಳಲೇಬೇಕಾದ ಪ್ರಸಂಗ ಒದಗಿದಲ್ಲಿ ಆ ಮನೆಯವರು ಏನನ್ನು ಉಳಿಸಿಕೊಳ್ಳಬೇಕೆಂಬುದನ್ನು ಕೊಂಚ ವಿಚಾರಿಸೋಣ.

ಕಾಗದಪತ್ರದ ಪೆಟ್ಟಿಗೆ ಮೊದಲನೆಯದು. ಕ್ರಯಪತ್ರ, ಪಹಣಿ, ಕಂದಾಯದ ರಸೀತಿ, ಇವುಗಳಲ್ಲಿ ಗೆದ್ದಲು ತಿಂದ ತುಂಡನ್ನೂ ಎಸೆಯಲಾಗದು. ಪರಿಹಾರದ ವಿಚಾರಣೆಯಲ್ಲಿ ಮಾತನಾಡುವುದು ಅದೇ.

ಇನ್ನು ರೇಷ್ಮೆಯ ಸಲಕರಣೆ. ಚಂದ್ರಿಕೆ, ತಟ್ಟೆಗಳು ಜಾಗ ತಿನ್ನುವುವೆಂದು ಸಿಡುಕುವವರುಂಟು; ಹೊಸದರ ಬೆಲೆಯನ್ನು ಬಲ್ಲವರು ಅವನ್ನು ಬಿಸುಡರು. ಆದರೆ ಇದ್ದಂತೆಯೇ ಗಾಡಿಗೆ ಏರಿಸುವುದು ಅಪಾಯ. ಗಂಟುರೋಗದ ಬೀಜಾಣುಗಳು ಧೂಳಿನಲ್ಲಿ ಅಡಗಿ ಬಂದು ಹೊಸ ಹುಳುಮನೆಯ ಮೊದಲ ಬೆಳೆಯನ್ನೇ ನುಂಗಿಯಾವು. ತೊಳೆದು, ಶೇಕಡಾ 2ರ ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ಅದ್ದಿ, ಬಿಸಿಲಿನಲ್ಲಿ ಒಣಗಿಸಿಯೇ ಸಾಗಿಸತಕ್ಕದ್ದು. ಬೆಂಗಳೂರಿನ ಕೊಳೆಯನ್ನು ಹೊತ್ತು ಆ ಊರಿನ ಕೆರೆಗೆ ಬೀಳುವ ವೃಷಭಾವತಿಯ ನೀರು ಈ ಕೆಲಸಕ್ಕೆ ಸಲ್ಲದು.

ಅಟ್ಟದ ಮೇಲಿನ ತೂತುಬಿದ್ದ ಕೊಳಗ ಹೋಗಲಿ. ಬೀಸುವ ಕಲ್ಲಿನ ವಿಷಯದಲ್ಲಿ ಮಾತ್ರ ನಾವು ಸಲಹೆ ಹೇಳಲಾರೆವು. ಅದನ್ನು ಮನೆಯ ಹೆಂಗಸರೇ ತೀರ್ಮಾನಿಸಲಿ.